ಕೆಲುವಾಕ್ ಬೀಜದ ವಿಷ ಇಳಿಯುವುದು ಹೇಗೆ?

ಪ್ರಶ್ನೆ: ಜಾವಾದ ‘ರಾವೋನ್’ ಎಂಬ ಕಪ್ಪು ಮಾಂಸದ ಸಾರಿಗೆ ಹಾಕುವ ಕೆಲುವಾಕ್ ಬೀಜ ಮೂಲತಃ ವಿಷವಂತೆ. ಹಾಗಾದರೆ ಅದನ್ನು ತಿನ್ನುವುದು ಹೇಗೆ?
– ಓದುಗರೊಬ್ಬರು, ಶಿರಸಿ

ಉತ್ತರ: ತಾವು ಕೇಳಿರುವುದು ನಿಜ. ಇಂಡೋನೇಷ್ಯಾ, ಮಲೇಷ್ಯಾಗಳ ಕಾಡುಗಳಲ್ಲಿ ಬೆಳೆಯುವ ಪಾಂಜಿಯಂ ಎಡ್ಯೂಲ್ ಎಂಬ ಎತ್ತರದ ಮರದ ಈ ಬೀಜ ಹಸಿಯಾಗಿದ್ದಾಗ ಅದರಲ್ಲಿ ಗೈನೋಕಾರ್ಡಿನ್ ಎಂಬ ಸಂಯುಕ್ತವಿದ್ದು, ಬೀಜವನ್ನು ಜಜ್ಜಿದಾಗ ಕಿಣ್ವದ ಕ್ರಿಯೆಯಿಂದ ಅದು ಒಡೆದು ಹೈಡ್ರೋಜನ್ ಸಯನೈಡ್ ಬಿಡುಗಡೆಯಾಗುತ್ತದೆ. ಈ ಸಯನೈಡ್ ನೀರಿನಲ್ಲಿ ಕರಗುತ್ತದೆ, ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿದು ಆವಿಯಾಗುತ್ತದೆ. ಸಾಂಪ್ರದಾಯಿಕ ವಿಧಾನದ ಗುಟ್ಟೆಲ್ಲ ಇರುವುದು ಇಲ್ಲಿಯೇ. ಬೀಜಗಳನ್ನು ಚೆನ್ನಾಗಿ ಬೇಯಿಸಿ, ಬೂದಿ, ಬಾಳೆಎಲೆ ಮತ್ತು ಮಣ್ಣಿನ ನಡುವೆ ಸುಮಾರು 40 ದಿನ ಹೂತಿಡುತ್ತಾರೆ. ಅಷ್ಟರಲ್ಲಿ ಹುದುಗು ಬಂದು, ಕೆನೆಬಣ್ಣದ ತಿರುಳು ಕಡುಗಪ್ಪಾಗಿ, ಎಣ್ಣೆಯ ಜಿಡ್ಡಿನೊಂದಿಗೆ ಮೆತ್ತಗಾಗಿರುತ್ತದೆ. ಗಟ್ಟಿ ಚಿಪ್ಪನ್ನು ಒಡೆದು ತೆಗೆದ ಆ ತಿರುಳನ್ನು ಮಸಾಲೆಯೊಂದಿಗೆ ಅರೆದು ಹಾಕುವುದರಿಂದಲೇ ಸಾರಿಗೆ ಮಸಿಯಂಥ ಬಣ್ಣ ಬರುವುದು.

ನಮ್ಮ ಪಶ್ಚಿಮ ಘಟ್ಟದ ಗರುಡಫಲವೂ ಇದೇ ಕುಟುಂಬಕ್ಕೆ ಸೇರಿದ್ದು. ಹಿಂದೆ ಅದರ ಬೀಜದ ಎಣ್ಣೆಯನ್ನು ಕುಷ್ಠರೋಗದ ಚಿಕಿತ್ಸೆಗೆ ಬಳಸುತ್ತಿದ್ದರು. ಹಾಗೆಂದು ಅದನ್ನೂ ಹೂತಿಟ್ಟು ತಿಂದು ನೋಡುವ ಪ್ರಯೋಗಕ್ಕೆ ದಯವಿಟ್ಟು ಯಾರೂ ಇಳಿಯಬಾರದು.