ಟೆಸ್ಟ್ ಓಡುತ್ತದೆ, ಎಡಿಟರ್ ಮಾತ್ರ ಸೂಚಿಸುವುದಿಲ್ಲ

ಪ್ರಶ್ನೆ: ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿಗೆ ಜೆಸ್ಟ್ ಎಂಬ ಪರೀಕ್ಷಾ ಸಲಕರಣೆಯಲ್ಲಿ ಯೂನಿಟ್ ಟೆಸ್ಟ್ (ಕೋಡಿನ ಚಿಕ್ಕ ಭಾಗಗಳ ಪರೀಕ್ಷೆ) ಬರೆಯುತ್ತೇವೆ. ಟೆಸ್ಟ್‌ಗಳೆಲ್ಲ ಸರಿಯಾಗಿ ಓಡುತ್ತವೆ. ಆದರೆ ವಿಎಸ್ ಕೋಡ್ ಎಡಿಟರಿನಲ್ಲಿ ‘ಎಕ್ಸ್‌ಪೆಕ್ಟ್’ ಆವರಣದ ಮುಂದೆ ಚುಕ್ಕಿ ಒತ್ತಿದರೆ ‘ಟುಬಿ’, ‘ಟುಈಕ್ವಲ್’ ಮುಂತಾದ ಹೋಲಿಕೆಯ ಫಂಕ್ಷನ್‌ಗಳ ಸೂಚನೆ ಯಾವುದೂ ಬರುವುದಿಲ್ಲ. ಫೈಲಿನಲ್ಲಿರುವ ಬೇರೆ ಪದಗಳಷ್ಟೇ ಕಾಣುತ್ತವೆ. ಚಿಂಚವಡದ ಮನೆಯ ಲ್ಯಾಪ್‌ಟಾಪಿನಲ್ಲಿ ಈ ತೊಂದರೆ ಇಲ್ಲ. ಕಾರಣವೇನು?
– ಓದುಗರೊಬ್ಬರು, ಪುಣೆ

ಉತ್ತರ: ಆ ಪದಗಳ ಪಕ್ಕದಲ್ಲಿ ‘ಎಬಿಸಿ’ ಎಂಬ ಚಿಕ್ಕ ಗುರುತು ಇದೆಯೇ ನೋಡಿ. ಇದ್ದರೆ, ಎಡಿಟರಿಗೆ ‘ಎಕ್ಸ್‌ಪೆಕ್ಟ್’ ಏನೆಂದು ತಿಳಿಯದೆ, ಕಣ್ಣಿಗೆ ಬಿದ್ದ ಪದಗಳನ್ನೇ ಮುಂದಿಡುತ್ತಿದೆ ಎಂದರ್ಥ. ‘ಎಕ್ಸ್‌ಪೆಕ್ಟ್’ ಮೇಲೆ ಮೌಸ್ ಇಟ್ಟಾಗ ‘ಎನಿ’ (ಬಗೆ ಗೊತ್ತಿಲ್ಲ) ಎಂದು ಕಂಡರೂ ಅದೇ ಮಾತು.

ಟೆಸ್ಟ್ ಓಡುವುದಕ್ಕೂ ಸೂಚನೆ ಬರುವುದಕ್ಕೂ ನೇರ ಸಂಬಂಧವಿಲ್ಲ. ‘ಡಿಸ್ಕ್ರೈಬ್’, ‘ಟೆಸ್ಟ್’, ‘ಎಕ್ಸ್‌ಪೆಕ್ಟ್’ ಇವುಗಳನ್ನು ಜೆಸ್ಟ್ ತಾನು ಓಡುವಾಗ ಗ್ಲೋಬಲ್ ಆಗಿ, ಅಂದರೆ ಇಂಪೋರ್ಟ್ ಮಾಡದೆಯೇ ಸಿಗುವಂತೆ, ಒದಗಿಸುತ್ತದೆ; ಎಡಿಟರ್ ನಿಮ್ಮ ಕೋಡನ್ನು ಓಡಿಸುವುದಿಲ್ಲ, ಓದುತ್ತದೆ ಅಷ್ಟೆ, ಮತ್ತು ಫೈಲಿನ ತಲೆಯಲ್ಲಿ ಇಂಪೋರ್ಟ್ ಇಲ್ಲದ ಕಾರಣ ಆ ಹೆಸರುಗಳು ಎಲ್ಲಿಂದ ಬಂದವೆಂದು ಹುಡುಕಲು ಅದಕ್ಕೆ ದಾರಿಯೇ ಇರುವುದಿಲ್ಲ. ಜಾವಾಸ್ಕ್ರಿಪ್ಟ್ ಫೈಲುಗಳಿಗೂ ವಿಎಸ್ ಕೋಡ್ ಟೈಪ್‌ಸ್ಕ್ರಿಪ್ಟ್ ಭಾಷೆಯ ಸೇವೆಯನ್ನೇ ಬಳಸುವುದರಿಂದ, ಅದಕ್ಕೆ ಬೇಕಾದದ್ದು ಜೆಸ್ಟ್‌ನ ಟೈಪ್ ಫೈಲುಗಳು, ಅಂದರೆ ಯಾವ ಹೆಸರು ಏನೆಂದು ವಿವರಿಸುವ ಫೈಲುಗಳು.

ಮನೆಗೂ ಕಚೇರಿಗೂ ವ್ಯತ್ಯಾಸ ಬಹುಶಃ ಇಲ್ಲಿಯೇ ಇದೆ. ಪ್ಯಾಕೇಜ್ ಪಟ್ಟಿಯನ್ನು ನೋಡಿ ಟೈಪ್ ಫೈಲುಗಳನ್ನು ತಾನಾಗಿ ಇಳಿಸಿಕೊಳ್ಳುವ ವ್ಯವಸ್ಥೆ ವಿಎಸ್ ಕೋಡ್‌ನಲ್ಲಿದೆ. ಕಚೇರಿಯ ಪ್ರಾಕ್ಸಿ, ಪ್ಯಾಕೇಜುಗಳು ಸಿಗುವ ಎನ್‌ಪಿಎಂ ಭಂಡಾರದ ಸಂಪರ್ಕವನ್ನು ತಡೆದಿದ್ದರೆ ಆ ಕೆಲಸ ನಡೆಯುವುದಿಲ್ಲ. ಒಬ್ಬರ ಯಂತ್ರದಲ್ಲಿ ಆಗಿ ಇನ್ನೊಬ್ಬರಲ್ಲಿ ಆಗದ ಇಂತಹ ಅನುಕೂಲವನ್ನು ತಂಡದ ಕೆಲಸದಲ್ಲಿ ನೆಚ್ಚಿಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಕಚೇರಿಗೆ ಒಳಗಿನ ಎನ್‌ಪಿಎಂ ರಿಜಿಸ್ಟ್ರಿ ಇದ್ದರೆ ಅದರ ಮೂಲಕ ‘ಟೈಪ್ಸ್’ ಗುಂಪಿನ ‘ಜೆಸ್ಟ್’ ಪ್ಯಾಕೇಜನ್ನು ಡೆವ್ ಡಿಪೆಂಡೆನ್ಸಿಯಾಗಿ (ಅಭಿವೃದ್ಧಿಯ ಹಂತಕ್ಕಷ್ಟೇ ಬೇಕಾದ ಪ್ಯಾಕೇಜಾಗಿ) ಸೇರಿಸಿ. ಅದರ ಮುಖ್ಯ ಆವೃತ್ತಿಯ ಸಂಖ್ಯೆ ನಿಮ್ಮ ಜೆಸ್ಟ್‌ನ ಸಂಖ್ಯೆಗೆ ಹೊಂದಿರಲಿ.

ಬಳಿಕ ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲಿ ‘ಜೆಎಸ್‌ಕಾನ್ಫಿಗ್ ಡಾಟ್ ಜೇಸನ್’ ಫೈಲನ್ನು ಮಾಡಿ, ‘ಕಂಪೈಲರ್ ಆಪ್ಷನ್ಸ್’ ಒಳಗೆ ‘ಟೈಪ್ಸ್’ ಪಟ್ಟಿಯಲ್ಲಿ ‘ಜೆಸ್ಟ್’ ಎಂದು ಬರೆಯಿರಿ. ಒಮ್ಮೆ ಈ ಪಟ್ಟಿ ಬರೆದರೆ ಗ್ಲೋಬಲ್ ಹೆಸರುಗಳು ಪಟ್ಟಿಯಲ್ಲಿರುವ ಪ್ಯಾಕೇಜುಗಳಿಂದ ಮಾತ್ರ ಬರುತ್ತವೆ. ಆದ್ದರಿಂದ ನೋಡ್‌ನ (ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ವ್ಯವಸ್ಥೆ) ‘ಪ್ರೊಸೆಸ್’ ಮುಂತಾದವು ಬೇಕಿದ್ದರೆ ನೋಡ್‌ನ ಟೈಪ್ಸ್ ಪ್ಯಾಕೇಜನ್ನೂ ಹಾಕಿಕೊಂಡು ‘ನೋಡ್’ ಎಂಬುದನ್ನೂ ಸೇರಿಸಿ. ಕಮಾಂಡ್ ಪ್ಯಾಲೆಟ್‌ನಿಂದ ಟಿಎಸ್ (ಟೈಪ್‌ಸ್ಕ್ರಿಪ್ಟ್) ಸರ್ವರನ್ನು ರೀಸ್ಟಾರ್ಟ್ ಮಾಡಿ. ಒಂದೇ ಫೈಲನ್ನು ಬಿಡಿಯಾಗಿ ತೆರೆಯದೆ ಇಡೀ ಫೋಲ್ಡರನ್ನು ತೆರೆದಿರಬೇಕು.

ಹೊಸ ಪ್ರಾಜೆಕ್ಟಾದರೆ ನಾನು ‘ಜೆಸ್ಟ್ ಗ್ಲೋಬಲ್ಸ್’ ಪ್ಯಾಕೇಜಿನಿಂದ ‘ಎಕ್ಸ್‌ಪೆಕ್ಟ್’, ‘ಟೆಸ್ಟ್’ಗಳನ್ನು ನೇರವಾಗಿ ಇಂಪೋರ್ಟ್ ಮಾಡಿಕೊಳ್ಳುವ ಕ್ರಮವನ್ನೇ ಆರಿಸುತ್ತೇನೆ. ಪ್ರತಿ ಫೈಲಿನಲ್ಲಿ ಒಂದು ಸಾಲು ಹೆಚ್ಚಾಗುತ್ತದೆ, ನಿಜ. ಆದರೆ ಟೈಪ್‌ಗಳು ಅದರೊಳಗೇ ಇರುವುದರಿಂದ ಬೇರೆ ಟೈಪ್ಸ್ ಪ್ಯಾಕೇಜಿನ ಗೊಡವೆ ಇರುವುದಿಲ್ಲ.

ಅದೇ ಪ್ರಾಜೆಕ್ಟಿನಲ್ಲಿ ಬ್ರೌಸರ್ ಪರೀಕ್ಷೆಯ ಸಲಕರಣೆಯಾದ ಸೈಪ್ರೆಸ್ ಕೂಡ ಇದ್ದರೆ ಇನ್ನೊಂದು ತೊಡಕು ಬರಬಹುದು. ಸೈಪ್ರೆಸ್ ಚಾಯ್ ಎಂಬ ಬೇರೊಂದು ಲೈಬ್ರರಿಯ ‘ಎಕ್ಸ್‌ಪೆಕ್ಟ್’ ಅನ್ನು ಗ್ಲೋಬಲ್ ಆಗಿ ತರುವುದರಿಂದ, ಜೆಸ್ಟ್‌ನ ಟೈಪ್‌ಗಳಿದ್ದರೂ ‘ಟುಬಿ’ ಕಾಣೆಯಾಗಿ ‘ಟು’ ಎಂಬುದಷ್ಟೇ ಬರುತ್ತದೆ. ಆಗ ಸೈಪ್ರೆಸ್ ಫೋಲ್ಡರಿಗೆ ಅದರದೇ ಕಾನ್ಫಿಗ್ ಫೈಲ್ ಇಟ್ಟು, ಮೂಲ ಕಾನ್ಫಿಗ್ ಫೈಲಿನಲ್ಲಿ ಆ ಫೋಲ್ಡರನ್ನು ‘ಎಕ್ಸ್‌ಕ್ಲೂಡ್’ ಪಟ್ಟಿಗೆ ಸೇರಿಸಿ.