ಹಂಚಿಕೊಂಡ ಆಕ್ಸೆಸ್ ಕಡತವನ್ನು ಈಗ ಯಾರು ತೆರೆದಿದ್ದಾರೆ?

ಪ್ರಶ್ನೆ: ನಮ್ಮ ಸಂಘದ ಸದಸ್ಯರ ಸಾಲದ ಲೆಕ್ಕ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿದೆ. ಕೋಷ್ಟಕಗಳಿರುವ ಕಡತವನ್ನು ಸರ್ವರ್‌ನಲ್ಲಿಟ್ಟು, ಹತ್ತಾರು ಮಂದಿ ತಂತಮ್ಮ ಕಂಪ್ಯೂಟರ್‌ನಿಂದ ಬಳಸುತ್ತೇವೆ. ಸಂಜೆ 'ಕಾಂಪ್ಯಾಕ್ಟ್ ಅಂಡ್ ರಿಪೇರ್' (ಕಡತವನ್ನು ಕುಗ್ಗಿಸಿ ಸರಿಪಡಿಸುವ ಕೆಲಸ) ಮಾಡಲು ಹೋದರೆ ಕಡತ ಬಳಕೆಯಲ್ಲಿದೆ ಎಂಬ ಸಂದೇಶ ಬರುತ್ತದೆ. ಪಕ್ಕದಲ್ಲಿರುವ ಲಾಕ್ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದರೆ, ಮಧ್ಯಾಹ್ನವೇ ಮನೆಗೆ ಹೋದವರ ಕಂಪ್ಯೂಟರ್‌ನ ಹೆಸರೂ ಅಲ್ಲಿದೆ. ನಿಜವಾಗಿ ಯಾರು ಸಂಪರ್ಕದಲ್ಲಿದ್ದಾರೆ ಎಂದು ತಿಳಿಯುವುದು ಹೇಗೆ? ಆ ಲಾಕ್ ಕಡತವನ್ನು ಅಳಿಸಿಬಿಡಬಹುದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಾವು ನೋಡಿದ ಲಾಕ್ ಕಡತ ಬಂದವರ ಹೆಸರನ್ನು ಬರೆದುಕೊಳ್ಳುತ್ತದೆ, ಹೋದವರ ಹೆಸರನ್ನು ಹೊಡೆದುಹಾಕುವುದಿಲ್ಲ. ಗೊಂದಲದ ಮೂಲ ಇದೇ.

ಮೊದಲ ಬಳಕೆದಾರರು ಹಂಚಿಕೆಯ ಕಡತವನ್ನು ತೆರೆದೊಡನೆ, ಅದೇ ಫೋಲ್ಡರ್‌ನಲ್ಲಿ ಅದೇ ಹೆಸರಿನ ಲಾಕ್ ಕಡತವೊಂದು ಹುಟ್ಟಿಕೊಳ್ಳುತ್ತದೆ. ಹಳೆಯ ಎಂಡಿಬಿ ಮಾದರಿಯಲ್ಲಿ ಅದರ ವಿಸ್ತರಣೆ ಎಲ್‌ಡಿಬಿ. 2007ರ ಆವೃತ್ತಿಯಿಂದ ಬಂದ ಎಸಿಸಿಡಿಬಿ ಮಾದರಿಯಲ್ಲಿ ಎಲ್‌ಎಸಿಸಿಡಿಬಿ. ಪ್ರತಿ ಬಳಕೆದಾರರಿಗೆ ಅದರಲ್ಲಿ 64 ಬೈಟ್‌ಗಳ ಜಾಗವಿದ್ದು, ಮೊದಲ 32ರಲ್ಲಿ ಕಂಪ್ಯೂಟರ್‌ನ ಹೆಸರು, ಉಳಿದ 32ರಲ್ಲಿ ಲಾಗಿನ್ ಹೆಸರು ಇರುತ್ತದೆ. ಒಬ್ಬರು ಹೊರಬಿದ್ದರೂ ಅವರ ಸಾಲು ಹಾಗೆಯೇ ಉಳಿದು, ಮುಂದೆ ಬರುವವರು ಆ ಜಾಗವನ್ನು ಬಳಸಿಕೊಂಡಾಗ ಮಾತ್ರ ಬದಲಾಗುತ್ತದೆ. ಎಲ್ಲರೂ ಹೊರಬಂದ ಮೇಲೆ ಇಡೀ ಕಡತ ತಾನಾಗಿ ಅಳಿಯಬೇಕು. ಆದರೆ ಕೊನೆಗೆ ಹೊರಬಂದವರಿಗೆ ಆ ಫೋಲ್ಡರ್‌ನಲ್ಲಿ ಕಡತ ಅಳಿಸುವ ಅನುಮತಿ ಇಲ್ಲದಿದ್ದರೆ ಅದೂ ಆಗುವುದಿಲ್ಲ. ತಮ್ಮ ಸರ್ವರ್‌ನಲ್ಲಿ ಈ ಅನುಮತಿಯನ್ನು ಮೊದಲು ಪರಿಶೀಲಿಸಿರಿ.

ಹಾಗಾದರೆ ಸದ್ಯ ಸಂಪರ್ಕದಲ್ಲಿರುವವರನ್ನು ಡೇಟಾಬೇಸ್ ಎಂಜಿನ್, ಅಂದರೆ ಕಡತವನ್ನು ಓದಿ ಬರೆಯುವ ಆಕ್ಸೆಸ್‌ನ ಒಳತಂತ್ರಾಂಶ, ಹೇಗೆ ಗುರುತಿಸುತ್ತದೆ? ಪ್ರತಿ ಸಂಪರ್ಕವೂ ಲಾಕ್ ಕಡತದ ಮೇಲೆ ತನ್ನದೇ ಒಂದು ಬೀಗವನ್ನು ಹಿಡಿದಿರುತ್ತದೆ. ಹೆಸರು ಉಳಿದು ಬೀಗ ಬಿಟ್ಟುಹೋಗಿದ್ದರೆ ಆ ಬಳಕೆದಾರರು ಹೊರಹೋಗಿದ್ದಾರೆ ಎಂದರ್ಥ. ನೋಟ್‌ಪ್ಯಾಡ್‌ನಲ್ಲಿ ಹೆಸರು ಕಾಣುತ್ತದೆಯೇ ಹೊರತು ಬೀಗ ಕಾಣುವುದಿಲ್ಲ. ಆದ್ದರಿಂದ ಎಂಜಿನ್ನನ್ನೇ ಕೇಳುವುದು ಸರಿಯಾದ ದಾರಿ, ಮತ್ತು ಅದಕ್ಕೆಂದೇ 'ಯೂಸರ್ ರೋಸ್ಟರ್' ಎಂಬ ಸೌಲಭ್ಯವಿದೆ. ಆಕ್ಸೆಸ್‌ನೊಳಗಿನ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎ ಬರೆಯಬಲ್ಲವರು ಎಡಿಒ (ಕೋಡ್‌ನಿಂದ ಡೇಟಾಬೇಸನ್ನು ತಲುಪಿಸುವ ಮೈಕ್ರೋಸಾಫ್ಟ್‌ನ ಸಾಧನ) ಸಂಪರ್ಕವೊಂದನ್ನು ತೆರೆದು 'ಓಪನ್‌ಸ್ಕೀಮಾ' ವಿಧಾನದ ಮೂಲಕ ಇದನ್ನು ಪಡೆಯಬಹುದು. ಅದಕ್ಕೆ ಬೇಕಾದ ಉದ್ದನೆಯ ಗುರುತು-ಸಂಕೇತ, ಮಾದರಿ ಕೋಡ್‌ನೊಂದಿಗೆ, ಮೈಕ್ರೋಸಾಫ್ಟ್‌ನ ದಾಖಲೆಗಳಲ್ಲಿ ಇದೇ ಹೆಸರಿನಡಿ ಸಿಗುತ್ತದೆ. ಉತ್ತರವಾಗಿ ನಾಲ್ಕು ಅಂಕಣಗಳು ಬರುತ್ತವೆ: ಕಂಪ್ಯೂಟರ್‌ನ ಹೆಸರು, ಲಾಗಿನ್ ಹೆಸರು, ಸಂಪರ್ಕದಲ್ಲಿದ್ದಾರೆಯೆ ಎಂಬುದು, ಹಾಗೂ ಕಡತವನ್ನು ಶಂಕಾಸ್ಪದ ಸ್ಥಿತಿಯಲ್ಲಿ, ಅಂದರೆ ಸರಿಯಾಗಿ ಮುಚ್ಚದೆ, ಬಿಟ್ಟುಹೋಗಿದ್ದಾರೆಯೆ ಎಂಬುದು. ಈ ಕೊನೆಯ ಅಂಕಣವನ್ನು ಅನೇಕರು ನೋಡುವುದೇ ಇಲ್ಲ. ಪದೇಪದೇ ನೆಟ್‌ವರ್ಕ್ ಕಡಿದುಹೋಗುವ ಕಂಪ್ಯೂಟರನ್ನು ಹಿಡಿಯಲು ನನ್ನ ಅಭಿಪ್ರಾಯದಲ್ಲಿ ಅದು ಬಹಳ ಉಪಯುಕ್ತ.

ಇಲ್ಲಿ ಎಡವುವ ಜಾಗಗಳೂ ಇವೆ. ತಮ್ಮಲ್ಲಿರುವಂತೆ ಕೋಷ್ಟಕಗಳು ಒಂದು ಕಡತದಲ್ಲಿ, ಫಾರಂಗಳು ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲಿರುವ ಇನ್ನೊಂದು ಕಡತದಲ್ಲಿ ಇದ್ದರೆ, ಚಾಲ್ತಿಯಲ್ಲಿರುವ ಸಂಪರ್ಕದಿಂದಲೇ ಪಟ್ಟಿ ಕೇಳಬಾರದು. ಆ ಸಂಪರ್ಕ ತಮ್ಮ ಕಂಪ್ಯೂಟರ್‌ನ ಫಾರಂ ಕಡತದ್ದಾದ್ದರಿಂದ, ಕೇಳಿದರೆ ತಮ್ಮೊಬ್ಬರ ಹೆಸರೇ ಬರುತ್ತದೆ. ಸರ್ವರ್‌ನಲ್ಲಿರುವ ಕಡತಕ್ಕೇ ಪ್ರತ್ಯೇಕ ಸಂಪರ್ಕ ತೆರೆಯಬೇಕು, ಆಗ ಪಟ್ಟಿಯಲ್ಲಿ ತಮ್ಮ ಕಂಪ್ಯೂಟರೂ ಸೇರಿರುತ್ತದೆ ಎಂಬುದು ನೆನಪಿರಲಿ. ಲಾಗಿನ್ ಅಂಕಣದಲ್ಲಿ ಎಲ್ಲರದೂ 'ಅಡ್ಮಿನ್' ಎಂದೇ ಕಂಡರೆ ಗಾಬರಿ ಬೇಡ: ಎಸಿಸಿಡಿಬಿ ಮಾದರಿಯಲ್ಲಿ ಬಳಕೆದಾರ ಮಟ್ಟದ ಭದ್ರತೆಯನ್ನೇ, ಅಂದರೆ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡುವ ವ್ಯವಸ್ಥೆಯನ್ನೇ, ತೆಗೆದುಹಾಕಲಾಗಿದೆ. ಹೀಗಾಗಿ ಗುರುತಿಸಲು ಉಳಿಯುವುದು ಕಂಪ್ಯೂಟರ್‌ನ ಹೆಸರು ಮಾತ್ರ. ಯಾವ ಹೆಸರಿನದು ಯಾರ ಮೇಜಿನ ಮೇಲಿದೆ ಎಂದು ಬರೆದಿಟ್ಟುಕೊಳ್ಳಲೇಬೇಕು.

ವ್ಯಕ್ತಿಯ ಹೆಸರೇ ಬೇಕಿದ್ದರೆ, ಮತ್ತು ಸರ್ವರ್ ವಿಂಡೋಸ್‌ನದ್ದಾಗಿದ್ದರೆ, ಅದರ ನಿರ್ವಾಹಕರು 'ಕಂಪ್ಯೂಟರ್ ಮ್ಯಾನೇಜ್‌ಮೆಂಟ್'ನ 'ಶೇರ್ಡ್ ಫೋಲ್ಡರ್ಸ್' ವಿಭಾಗದಲ್ಲಿ 'ಓಪನ್ ಫೈಲ್ಸ್' ತೆರೆದು ನೋಡಬಹುದು. ಅಲ್ಲಿಂದಲೇ ತೆರೆದ ಕಡತವನ್ನು ಬಲವಂತವಾಗಿ ಮುಚ್ಚುವ ಅವಕಾಶವೂ ಇದೆ, ಆದರೆ ದಯವಿಟ್ಟು ಅದನ್ನು ಬಳಸಬೇಡಿರಿ. ಅತ್ತ ಒಬ್ಬರು ಸಾಲದ ಕಂತನ್ನು ದಾಖಲಿಸುತ್ತಿರುವಾಗ ಇತ್ತ ಕಡತ ಮುಚ್ಚಿದರೆ, ಅರ್ಧ ಬರೆದ ಪುಟದಿಂದ ಇಡೀ ಕಡತವೇ ಕೆಡಬಹುದು, ಮತ್ತು ಅದರಲ್ಲಿರುವುದು ಜನರ ಹಣದ ಲೆಕ್ಕ. ಅವರ ಮೇಜಿನ ಬಳಿ ಹೋಗಿ ಮುಚ್ಚಿಸುವುದೇ ಸರಿ.

ಲಾಕ್ ಕಡತವನ್ನು ಅಳಿಸುವ ಪ್ರಶ್ನೆಗೆ ಉತ್ತರ ಚಿಕ್ಕದು. ಯಾರಾದರೂ ಸಂಪರ್ಕದಲ್ಲಿರುವಾಗ ವಿಂಡೋಸ್ ಅದನ್ನು ಅಳಿಸಲು ಬಿಡುವುದಿಲ್ಲ. ಎಲ್ಲರೂ ಹೊರಬಂದ ಮೇಲೂ ಉಳಿದುಕೊಂಡಿದ್ದರೆ ಅಳಿಸಬಹುದು.

ಸಂಜೆಯ ಕೆಲಸಕ್ಕೆ ಇನ್ನೊಂದು ಅನುಕೂಲವಿದೆ. ಅದೇ ಎಡಿಒ ಸಂಪರ್ಕದಲ್ಲಿ 'ಕನೆಕ್ಷನ್ ಕಂಟ್ರೋಲ್' ಎಂಬ ಗುಣವನ್ನು 1ಕ್ಕೆ ಇಟ್ಟರೆ, ಒಳಗಿರುವವರ ಕೆಲಸಕ್ಕೆ ಅಡ್ಡಿಯಾಗದೆ ಹೊಸಬರ ಪ್ರವೇಶ ಮಾತ್ರ ನಿಲ್ಲುತ್ತದೆ. 2ಕ್ಕೆ ಇಟ್ಟರೆ ಮತ್ತೆ ತೆರೆಯುತ್ತದೆ. ಪ್ರವೇಶ ನಿಲ್ಲಿಸಿ, ರೋಸ್ಟರ್‌ನಲ್ಲಿ ತಮ್ಮ ಕಂಪ್ಯೂಟರ್ ಒಂದೇ ಉಳಿಯುವವರೆಗೆ ಕಾದು, ತಮ್ಮ ಸಂಪರ್ಕವನ್ನೂ ಮುಚ್ಚಿ, ಕಡತದ ಪ್ರತಿಯೊಂದನ್ನು ತೆಗೆದಿಟ್ಟ ನಂತರವೇ 'ಕಾಂಪ್ಯಾಕ್ಟ್' ಆರಂಭಿಸಿರಿ.