ಮಗನನ್ನು ಶಿರಸಿಯಲ್ಲಿ ಬಿಟ್ಟು ಬರಬೇಡಿ

ಆಟಿಸಂ ಇರುವ ಐದು ವರ್ಷದ ಮಗನ ಶಾಲೆಗೆ ನ್ಯೂಜೆರ್ಸಿಯಲ್ಲಿ ಎಷ್ಟು ಖರ್ಚಾಗುತ್ತದೆ, ವೀಸಾದ ಮೇಲೆ ಬಂದವರ ಮಕ್ಕಳನ್ನು ಇಲ್ಲಿನ ಸರ್ಕಾರಿ ಶಾಲೆಗಳು ಸೇರಿಸಿಕೊಳ್ಳುತ್ತವೆಯೇ, ನೀವು ನೆಲೆ ನಿಲ್ಲುವ ತನಕ ಅವನನ್ನು ಶಿರಸಿಯಲ್ಲಿ ಅಜ್ಜ-ಅಜ್ಜಿಯ ಹತ್ತಿರ ಬಿಡುವುದು ಒಳ್ಳೆಯದೇ ಎಂದು ಕೇಳಿದ್ದೀರಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಬಿಡಬೇಡಿ, ಜೊತೆಯಲ್ಲೇ ಕರೆದುಕೊಂಡು ಬನ್ನಿ.

ಅಂಗವೈಕಲ್ಯವುಳ್ಳ ಮಕ್ಕಳಿಗೆ ಸಾರ್ವಜನಿಕ ಶಾಲೆಯಲ್ಲಿ ಉಚಿತ ಹಾಗೂ ಅವರಿಗೆ ತಕ್ಕುದಾದ ಶಿಕ್ಷಣ ಸಿಗಬೇಕೆಂಬ ಕಾನೂನು ಅಮೆರಿಕದಲ್ಲಿ 1975ರಲ್ಲಿ ಆಯಿತು. 1990ರಿಂದ ಅದನ್ನು ಐಡಿಇಎ ಎಂದು ಕರೆಯುತ್ತಾರೆ. 3 ವರ್ಷದಿಂದ 21 ವರ್ಷದವರೆಗಿನವರಿಗೆ ಅದು ಅನ್ವಯಿಸುತ್ತದೆ. ಮಗುವಿನ ಕಲಿಕೆಗೆ ಅಗತ್ಯವೆಂದು ಕಂಡುಬಂದರೆ ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿ, ಶಾಲೆಗೆ ಹೋಗಿಬರುವ ಬಸ್ಸು ಎಲ್ಲವೂ ಈ 'ಉಚಿತ'ದಲ್ಲಿ ಸೇರುತ್ತವೆ. ಒಂದು ಥೆರಪಿಗಾಗಿ ಶಿರಸಿಯಿಂದ ಹುಬ್ಬಳ್ಳಿಗೆ ಬಸ್ಸು ಹತ್ತುತ್ತಿರುವ ನಿಮಗೆ ಇದರ ಬೆಲೆ ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿಯುತ್ತದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಗಣನೀಯ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆದರೆ ಘಟ್ಟದ ಹಳ್ಳಿಗಳಲ್ಲಿ ಆ ಹಕ್ಕನ್ನು ಕೈಗೆ ತಲುಪಿಸುವ ತರಬೇತಾದ ಜನ ಸಾಲದೆ ತಂದೆತಾಯಿಯರೇ ಅಲೆಯಬೇಕಾಗಿದೆ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ವೀಸಾದ ವಿಷಯದಲ್ಲಿ ಹೆದರಬೇಡಿ. ವಲಸೆಯ ಸ್ಥಿತಿಗತಿಯ ಕಾರಣಕ್ಕೆ ಮಗುವಿಗೆ ಸಾರ್ವಜನಿಕ ಶಾಲೆಯ ಬಾಗಿಲು ಮುಚ್ಚುವಂತಿಲ್ಲವೆಂದು ಇಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ. ಶಾಲೆ ಕೇಳುವುದು ಮುಖ್ಯವಾಗಿ ವಾಸದ ಪುರಾವೆ, ಮಗುವಿನ ವಯಸ್ಸಿನ ದಾಖಲೆ ಮತ್ತು ಲಸಿಕೆಯ ವಿವರಗಳನ್ನು. ನೀವಿರುವ ವಿಳಾಸವೇ ಶಾಲೆಯನ್ನು ನಿರ್ಧರಿಸುವುದರಿಂದ, ಬಾಡಿಗೆ ಮನೆ ಗೊತ್ತುಮಾಡುವ ಮೊದಲು ಆ ಊರಿನ ಶಾಲೆಗಳಲ್ಲಿ ಆಟಿಸಂ ಮಕ್ಕಳಿಗೆ ಏನು ವ್ಯವಸ್ಥೆಯಿದೆಯೆಂದು ವಿಚಾರಿಸಿ.

ಮನೆ ಸಿಕ್ಕಿದ ಕೂಡಲೇ, ಮಗನಿಗೆ ಏನೇನು ವಿಶೇಷ ನೆರವು ಬೇಕೆಂದು ಮೌಲ್ಯಮಾಪನ ಮಾಡಬೇಕೆಂದು ಶಾಲಾ ಜಿಲ್ಲೆಗೆ, ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಕ್ಕೆ, ದಿನಾಂಕ ಹಾಕಿದ ಪತ್ರ ಬರೆಯಿರಿ. ಬಾಯಿಮಾತಿನ ವಿನಂತಿಯನ್ನು ನೆಚ್ಚಿ ಕೂರಬೇಡಿ. ನ್ಯೂಜೆರ್ಸಿಯಲ್ಲಿ ಲಿಖಿತ ವಿನಂತಿ ತಲುಪಿದ 20 ದಿನಗಳಲ್ಲಿ ಅವರು ಸಭೆ ಕರೆಯಬೇಕು. ನೀವು ಒಪ್ಪಿಗೆಯ ಸಹಿ ಹಾಕಿದ 90 ದಿನಗಳೊಳಗೆ ಮೌಲ್ಯಮಾಪನ ಮುಗಿದು, ಮಗ ಅರ್ಹನೆಂದಾದರೆ ಐಇಪಿ ಎಂಬ ಅವನೊಬ್ಬನಿಗಾಗಿಯೇ ರೂಪಿಸಿದ ಶಿಕ್ಷಣ ಯೋಜನೆ ಜಾರಿಗೆ ಬರಬೇಕು.

ನಮ್ಮ ಕಡೆಯವರು ಎಡವುವುದು ಈ ಯೋಜನೆಯ ಸಭೆಯಲ್ಲಿ. ಮಾಸ್ತರರು ಹೇಳಿದ್ದಕ್ಕೆ ಎದುರಾಡಬಾರದೆಂದು ಬೆಳೆದವರು ನಾವು. ಆ ಗೌರವ ಒಳ್ಳೆಯದೇ. ಆದರೆ ಇಲ್ಲಿ ಕಾನೂನು ತಂದೆತಾಯಿಯನ್ನು ಯೋಜನೆ ರೂಪಿಸುವ ತಂಡದ ಸದಸ್ಯರೆಂದೇ ಪರಿಗಣಿಸುತ್ತದೆ, ಮೊದಲ ಸಲ ಸೇವೆ ಆರಂಭವಾಗಲು ನಿಮ್ಮ ಲಿಖಿತ ಒಪ್ಪಿಗೆ ಬೇಕೇ ಬೇಕು. ನನ್ನ ಮಗಳ ಮೊದಲ ಸಭೆಯಲ್ಲಿ ಅವಳಿಗೆ ಸಾಲದಷ್ಟು ಸ್ಪೀಚ್ ಥೆರಪಿ ಸೂಚಿಸಿದಾಗ ನಾನು ಅಲ್ಲೇ ಸಹಿ ಹಾಕದೆ, ಅಷ್ಟೇ ಸಾಕೆಂಬುದಕ್ಕೆ ಆಧಾರವೇನೆಂದು ಬರಹದಲ್ಲಿ ಕೇಳಿದೆ. ಮುಂದಿನ ಸಭೆಯಲ್ಲಿ ಅವಧಿ ಹೆಚ್ಚಾಯಿತು. ಯಾರೂ ಕೋಪಿಸಿಕೊಳ್ಳಲಿಲ್ಲ. ಹೆಸರಿಗೆ ಮಾತ್ರ ಪ್ರಗತಿ ತೋರಿಸುವ ಯೋಜನೆ ಸಾಲದು, ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಸಾಧ್ಯವಾಗುವಂತಿರಬೇಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮೊಕದ್ದಮೆಯೂ ಕೊಲೊರಾಡೊದ ಒಬ್ಬ ಆಟಿಸಂ ಹುಡುಗನದೇ.

ಇಂಗ್ಲಿಷ್ ಬಾರದ್ದನ್ನೇ ಅಂಗವೈಕಲ್ಯವೆಂದು ಎಣಿಸುವಂತಿಲ್ಲ. ಸಾಧ್ಯವಿರುವ ಮಟ್ಟಿಗೆ ಮೌಲ್ಯಮಾಪನ ಮಗುವಿನ ಭಾಷೆಯಲ್ಲೇ ನಡೆಯಬೇಕು, ಸಭೆಯಲ್ಲಿ ನಿಮಗೆ ಬೇಕಾದರೆ ದುಭಾಷಿಯನ್ನು ಶಾಲೆಯೇ ಒದಗಿಸಬೇಕು. ಆದ್ದರಿಂದ ಮನೆಯಲ್ಲಿ ನೀವಾಡುವ ಭಾಷೆ ಯಾವುದೆಂದು ಆ ಮೊದಲ ಪತ್ರದಲ್ಲೇ ತಿಳಿಸಿ. ಹುಬ್ಬಳ್ಳಿಯ ವೈದ್ಯರ ವರದಿಗಳನ್ನು, ಥೆರಪಿಯ ಟಿಪ್ಪಣಿಗಳನ್ನು ಕೈಚೀಲದಲ್ಲೇ ತನ್ನಿ. ಶಾಲೆಯವರು ತಾವೇ ಹೊಸದಾಗಿ ಪರೀಕ್ಷಿಸಿದರೂ ನೀವು ಕೊಟ್ಟ ಮಾಹಿತಿಯನ್ನು ಗಣನೆಗೆ ತೆಗೆದುಕೊಳ್ಳಲೇಬೇಕು.